ಪುಸ್ತಕದ ಬದನೆಕಾಯಿಯೂ ಸುಶ್ರುತನ ಕುಂಬಳಕಾಯಿಯೂ

ಓದಿ ತಿಳಿದುದು ಬೆಟ್ಟದಷ್ಟು, ಮಾಡಿ ಅರಿತುದು ಸಾಸಿವೆಯಷ್ಟು ಎಂಬಂತಹ ಪಂಡಿತನನ್ನು ಕಂಡರೆ ಕನ್ನಡ ನಾಡಿನ ಜನ ‘ಅದೆಲ್ಲ ಪುಸ್ತಕದ ಬದನೆಕಾಯಿ’ ಎಂದು ನಕ್ಕು ಸುಮ್ಮನಾಗುತ್ತಾರೆ. ಪುಸ್ತಕದ ಬದನೆಕಾಯಿಯಿಂದ ಹುಳಿ ಮಾಡಲಾಗದು. ಎಣ್ಣೆಗಾಯಿಯ ಮಾತಂತೂ ದೂರವೇ ಉಳಿಯಿತು. ಅಡಿಗೆಯ ಮನೆಯಲ್ಲಿ ಈ ಕೊರತೆಯಿಂದ ಆಗುವ ನಷ್ಟ ಒಂದು ಹೊತ್ತಿನ ಊಟದ್ದು. ಆದರೆ ವೈದ್ಯನ ವಿದ್ಯೆಯೂ ಪುಸ್ತಕದ ಬದನೆಕಾಯಿಯಾಗಿಯೇ ಉಳಿದರೆ ನಷ್ಟ ಯಾರಿಗೆ? ಆಸ್ಪತ್ರೆಯ ಮಂಚದ ಮೇಲೆ ಮಲಗಿ, ಬಿಳಿಯ ಕೋಟು ತೊಟ್ಟು ಬಂದವರೆಲ್ಲರೂ ಬಲ್ಲವರೆಂದೇ ನಂಬಿ ಕೈ ನೀಡುವ ರೋಗಿಗೆ.

ಈ ಪ್ರಶ್ನೆ ಬಹು ಹಳೆಯದು. ಆದರೆ ೨೦೨೦ರ ಮಾರ್ಚ್ ತಿಂಗಳಲ್ಲಿ ಅದು ಹೊಸ ವೇಷ ತೊಟ್ಟು ಮನೆಮನೆಯ ಪಡಸಾಲೆಯನ್ನೇ ಪ್ರವೇಶಿಸಿತು. ಕೋವಿಡ್ ಪಿಡುಗಿಗೆ ಅಂಜಿ ದೇಶವೇ ಬಾಗಿಲು ಮುಚ್ಚಿಕೊಂಡಾಗ ವೈದ್ಯ, ದಂತವೈದ್ಯ, ನರ್ಸಿಂಗ್ ಮುಂತಾದ ಶಾಖೆಗಳ ವಿದ್ಯಾರ್ಥಿಗಳು ಗಂಟುಮೂಟೆ ಕಟ್ಟಿಕೊಂಡು ಊರಿಗೆ ಮರಳಿದರು. ಮುಂದೆ ತಿಂಗಳುಗಟ್ಟಲೆ ಅವರಿಗೆ ಪಾಠ ನಡೆದುದು ಮೊಬೈಲ್ ಫೋನಿನ ಅಂಗೈಯಗಲದ ಗಾಜಿನ ಮೇಲೆ. ಸಿಗ್ನಲ್ ಅರಸಿ ಗುಡ್ಡ ಹತ್ತಿದ ಮಲೆನಾಡಿನ ವಿದ್ಯಾರ್ಥಿಗಳ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ಇತಿಹಾಸವನ್ನೋ ವಾಣಿಜ್ಯವನ್ನೋ ಹೀಗೆ ಕಲಿಯಬಹುದೆಂದರೆ ಒಪ್ಪೋಣ. ಮನುಷ್ಯನ ಮೈಯನ್ನು ಮುಟ್ಟಿ ನೋಡುವ ವಿದ್ಯೆಯನ್ನೂ ಹೀಗೆ ಕಲಿಯಲು ಸಾಧ್ಯವೆ? ಮಗನನ್ನೋ ಮಗಳನ್ನೋ ಡಾಕ್ಟರಾಗಲೆಂದು ಕಳುಹಿಸಿದ ತಂದೆತಾಯಿಗಳ ಮನಸ್ಸಿನಲ್ಲಿ ಈ ಸಂದೇಹ ಸುಳಿದುದು ಸಹಜವೇ.

ಆ ದಿನಗಳು ಕಳೆದುವು, ಕಾಲೇಜುಗಳು ತೆರೆದುವು. ಆದರೆ ಗಾಜಿನ ತೆರೆ ಮಾತ್ರ ಬಂದ ದಾರಿಯಲ್ಲಿ ಹಿಂದಿರುಗಲಿಲ್ಲ. ತರಗತಿಯಲ್ಲಿ, ವಾರ್ಡಿನಲ್ಲಿ ಗುರುಮುಖದಿಂದ ಕಲಿಯುವ ಸಾಂಪ್ರದಾಯಿಕ ಪದ್ಧತಿ, ಅಂತರ್ಜಾಲದ ಮೂಲಕ ಕಲಿಯುವ ಆನ್‌ಲೈನ್ ಪದ್ಧತಿ, ಎರಡನ್ನೂ ಬೆರೆಸಿದ ಮಿಶ್ರ ಪದ್ಧತಿ, ಹೀಗೆ ಮೂರು ದಾರಿಗಳು ಇಂದು ಆರೋಗ್ಯ ವಿದ್ಯೆಯ ಮುಂದಿವೆ. ಯಾವುದರಿಂದ ಎಷ್ಟು ಪ್ರಯೋಜನ ಎಂಬುದನ್ನು ಅರಿಯಬೇಕಾದರೆ ಮೊದಲು ಸುಮಾರು ಎರಡು ಸಾವಿರ ವರ್ಷಗಳಷ್ಟು ಹಿಂದಕ್ಕೆ ಹೋಗಿ ಬರುವುದು ಒಳ್ಳೆಯದು.

ಕಾಯಿ, ಚರ್ಮ, ಬಟ್ಟೆಯ ಬೊಂಬೆ

ಶಾಸ್ತ್ರವನ್ನೆಲ್ಲ ಓದಿ ಮುಗಿಸಿದ ಶಿಷ್ಯನಾದರೂ ಕೈಯ ಅಭ್ಯಾಸವಿಲ್ಲದಿದ್ದರೆ ಚಿಕಿತ್ಸೆಗೆ ಯೋಗ್ಯನಲ್ಲವೆಂದು ಸುಶ್ರುತ ಸಂಹಿತೆ ಸ್ಪಷ್ಟವಾಗಿ ವಿಧಿಸುತ್ತದೆ. ಆ ಅಭ್ಯಾಸಕ್ಕೆ ಅದು ಸೂಚಿಸುವ ಸಲಕರಣೆಗಳಾದರೂ ಎಂತಹವು! ಕೊಯ್ಯುವುದನ್ನು ಕಲಿಯಲು ಕುಂಬಳ, ಸೋರೆ, ಸೌತೆಗಳಂತಹ ಕಾಯಿಗಳು. ಸೀಳುವುದನ್ನು ಕಲಿಯಲು ನೀರು, ಕೆಸರು ತುಂಬಿದ ತೊಗಲಿನ ಚೀಲಗಳು. ಕೆರೆಯುವುದಕ್ಕೆ ಕೂದಲಿರುವ ಚರ್ಮ. ಸಿರೆಯನ್ನು ಚುಚ್ಚುವುದಕ್ಕೆ ಸತ್ತ ಪ್ರಾಣಿಯ ರಕ್ತನಾಳ ಅಥವಾ ತಾವರೆಯ ದಂಟು. ಹೊಲಿಗೆಗೆ ತೆಳುವಾದ ಬಟ್ಟೆ. ಗಾಯಕ್ಕೆ ಪಟ್ಟಿ ಕಟ್ಟುವುದಕ್ಕೆ ಮನುಷ್ಯಾಕಾರದ ಬೊಂಬೆ. ರೋಗಿಯ ಮೈಮೇಲೆ ಕತ್ತಿಯಾಡಿಸುವ ಮುನ್ನ ಶಿಷ್ಯನ ತಪ್ಪುಗಳೆಲ್ಲ ತರಕಾರಿಯ ಮೇಲೆಯೇ ಮುಗಿದುಹೋಗಲಿ ಎಂಬುದು ಆ ಮಹಾಶಯನ ಆಶಯ.

ಅಷ್ಟಕ್ಕೇ ಆತ ನಿಲ್ಲಲಿಲ್ಲ. ಶವವನ್ನು ಹುಲ್ಲಿನಿಂದ ಸುತ್ತಿ, ಪಂಜರದಲ್ಲಿಟ್ಟು, ಮೆಲ್ಲಗೆ ಹರಿಯುವ ನೀರಿನಲ್ಲಿ ಏಳು ರಾತ್ರಿ ನೆನೆಸಿ, ಬಳಿಕ ಬೇರಿನ ಕುಂಚದಿಂದ ಪದರ ಪದರವಾಗಿ ಉಜ್ಜಿ ಒಳಗಿನ ಅಂಗಾಂಗಗಳನ್ನು ಕಣ್ಣಾರೆ ನೋಡಬೇಕೆಂದ. ಕಣ್ಣಿನಿಂದ ಕಂಡುದು, ಶಾಸ್ತ್ರದಿಂದ ಕೇಳಿದುದು, ಇವೆರಡೂ ಕೂಡಿದಾಗಲೇ ಜ್ಞಾನ ಬೆಳೆಯುವುದೆಂಬುದು ಆತನ ಮತ. ‘ಮಿಶ್ರ ಪದ್ಧತಿ’ ಎಂದು ಇಂದಿನವರು ಹೊಸದಾಗಿ ಹೆಸರಿಟ್ಟು ಕರೆಯುವ ವಿಚಾರದ ಬೀಜ ಇಲ್ಲಿಯೇ ಇದೆ ಎಂದರೆ ಅತಿಶಯೋಕ್ತಿಯಾಗದು.

ಪೀಠದಿಂದ ಕೆಳಗಿಳಿದ ಗುರು

ಯುರೋಪಿನಲ್ಲಿಯೂ ಈ ಪಾಠವನ್ನು ಕಲಿಯಲು ಶತಮಾನಗಳೇ ಬೇಕಾದುವು. ಮಧ್ಯಯುಗದ ವಿಶ್ವವಿದ್ಯಾನಿಲಯಗಳಲ್ಲಿ ಪ್ರಾಧ್ಯಾಪಕನು ಎತ್ತರದ ಪೀಠದಲ್ಲಿ ಕುಳಿತು ಪ್ರಾಚೀನ ವೈದ್ಯ ಗ್ಯಾಲೆನನ ಗ್ರಂಥವನ್ನು ಗಟ್ಟಿಯಾಗಿ ಓದುತ್ತಿದ್ದ. ಕೆಳಗೆ ಕ್ಷೌರಿಕನೊಬ್ಬ ಶವವನ್ನು ಕೊಯ್ಯುತ್ತಿದ್ದ. ಗ್ರಂಥಕ್ಕೂ ದೇಹಕ್ಕೂ ತಾಳೆಯಾಗದಿದ್ದರೆ ತಪ್ಪು ದೇಹದ್ದೇ! ಇಟಲಿಯ ಪಡುವಾ ನಗರದಲ್ಲಿ ಬೋಧಿಸುತ್ತಿದ್ದ ವೆಸಾಲಿಯಸ್ ಪೀಠದಿಂದ ಕೆಳಗಿಳಿದು ತಾನೇ ಕತ್ತಿ ಹಿಡಿದ. ಕಣ್ಣಿಗೆ ಕಂಡುದನ್ನೇ ಚಿತ್ರಿಸಿ ೧೫೪೩ರಲ್ಲಿ ಆತ ಪ್ರಕಟಿಸಿದ ಗ್ರಂಥದಿಂದ ಅಂಗರಚನಾಶಾಸ್ತ್ರಕ್ಕೆ ಹೊಸ ಹುಟ್ಟು ಬಂದಿತು.

ಭಾರತದಲ್ಲಿ ಕಲ್ಕತ್ತೆಯ ವೈದ್ಯಕೀಯ ಕಾಲೇಜು ೧೮೩೫ರಲ್ಲಿ ಆರಂಭವಾಯಿತು. ಮಡಿಮೈಲಿಗೆಯ ಭೀತಿ ಪ್ರಬಲವಾಗಿದ್ದ ಆ ಕಾಲದಲ್ಲಿ, ಸಂಸ್ಕೃತ ಕಾಲೇಜಿನಲ್ಲಿ ಆಯುರ್ವೇದ ಬೋಧಿಸಿದ್ದ ಪಂಡಿತ ಮಧುಸೂದನ ಗುಪ್ತರು ೧೮೩೬ರಲ್ಲಿ ಶವಚ್ಛೇದನಕ್ಕೆ ಕೈಹಾಕಿದರು. ಸುಶ್ರುತನ ನಾಡಿನಲ್ಲಿ ಮರೆತುಹೋಗಿದ್ದ ಪಾಠ ಮತ್ತೆ ನೆನಪಾಯಿತು.

ಸತ್ತವರಿಂದ ಕಲಿತರೆ ಸಾಲದು, ಬದುಕಿರುವವರಿಂದಲೂ ಕಲಿಯಬೇಕೆಂಬ ಅರಿವು ಬಲಿತುದು ಹತ್ತೊಂಬತ್ತನೆಯ ಶತಮಾನದಲ್ಲಿ. ಪ್ಯಾರಿಸಿನ ಲೆನೆಕ್ ಎಂಬ ವೈದ್ಯ ೧೮೧೬ರಲ್ಲಿ ತರುಣಿಯೊಬ್ಬಳ ಎದೆಗೆ ಕಿವಿಯಿಡಲು ಸಂಕೋಚಪಟ್ಟು, ಕಾಗದವನ್ನು ಕೊಳವೆಯಂತೆ ಸುತ್ತಿ ಆಲಿಸಿದ, ಸ್ಟೆಥಾಸ್ಕೋಪು ಹುಟ್ಟಿತು. ೧೮೬೦ರಲ್ಲಿ ಲಂಡನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲಳ ಹೆಸರಿನ ಶಾಲೆ ತೆರೆದಾಗ ದಾದಿಯರ ಶಿಕ್ಷಣವೂ ವಾರ್ಡಿನೊಳಗೇ ನಡೆಯಿತು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಆಸ್ಲರ್ ಮಹಾಶಯರು ವಿದ್ಯಾರ್ಥಿಗಳನ್ನು ಉಪನ್ಯಾಸದ ಕೋಣೆಯಿಂದ ಹೊರಡಿಸಿ ರೋಗಿಯ ಹಾಸಿಗೆಯ ಪಕ್ಕಕ್ಕೆ ಕರೆತಂದರು. ವಾರ್ಡುಗಳಲ್ಲಿ ಪಾಠ ಹೇಳಿದವನೆಂಬ ಒಂದೇ ಮಾತು ತಮ್ಮ ಸಮಾಧಿಯ ಮೇಲಿದ್ದರೆ ಸಾಕೆಂಬುದು ಅವರ ಅಭಿಮಾನವಾಗಿತ್ತು.

ಕನ್ನಡ ನಾಡಿನ ಕಾಲೇಜುಗಳು ಬೆಳೆದು ಬಂದುದು ಇದೇ ಪರಂಪರೆಯಲ್ಲಿ. ೧೯೨೪ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ೧೯೩೦ರಲ್ಲಿ ಮೈಸೂರಿಗೆ ಹೋದ ಮೈಸೂರು ಮೆಡಿಕಲ್ ಕಾಲೇಜು, ೧೯೫೩ರಲ್ಲಿ ಮಣಿಪಾಲದಲ್ಲಿ ಡಾ. ಟಿ. ಎಂ. ಎ. ಪೈ ಅವರು ಕಟ್ಟಿದ ಕಸ್ತೂರ್ಬಾ ಮೆಡಿಕಲ್ ಕಾಲೇಜು, ೧೯೫೫ರ ಬೆಂಗಳೂರು ಮೆಡಿಕಲ್ ಕಾಲೇಜು, ೧೯೫೭ರ ಹುಬ್ಬಳ್ಳಿಯ ಕಾಲೇಜು, ಇವೆಲ್ಲಕ್ಕೂ ಮೂರೇ ಆಧಾರಸ್ತಂಭಗಳು: ಉಪನ್ಯಾಸದ ಕೋಣೆ, ಶವಚ್ಛೇದನದ ಶಾಲೆ, ಆಸ್ಪತ್ರೆಯ ವಾರ್ಡು.

ಹಳೆಯದೆಲ್ಲ ಹೊನ್ನಲ್ಲ

ಸಾಂಪ್ರದಾಯಿಕ ಪದ್ಧತಿ ಹೀಗೆ ಪರೀಕ್ಷಿತವಾದುದೆಂಬುದು ನಿಜ. ಆದರೆ ಅದರಲ್ಲಿ ಲೋಪವೇ ಇಲ್ಲವೆಂದು ಭಾವಿಸಬಾರದು. ನೂರೈವತ್ತು, ಕೆಲವೆಡೆ ಇನ್ನೂರೈವತ್ತು ವಿದ್ಯಾರ್ಥಿಗಳು ಕುಳಿತ ಸಭಾಂಗಣದಲ್ಲಿ ಒಬ್ಬ ಅಧ್ಯಾಪಕರು ಒಂದು ಗಂಟೆ ಮಾತಾಡುತ್ತಾರೆ. ಮುಂದಿನ ಸಾಲಿನವರು ಬರೆದುಕೊಳ್ಳುತ್ತಾರೆ; ಹಿಂದಿನ ಸಾಲಿನವರು ತೂಕಡಿಸುತ್ತಾರೆ. ಮಧ್ಯದಲ್ಲಿ ಒಂದು ಮಾತು ತಪ್ಪಿಹೋದರೆ ಅದನ್ನು ಹಿಂದಕ್ಕೆ ತಿರುಗಿಸಿ ಕೇಳುವಂತಿಲ್ಲ.

ವಾರ್ಡಿನಲ್ಲಿಯೂ ತೊಡಕುಗಳಿವೆ. ಒಂದು ಮಂಚದ ಸುತ್ತ ಹತ್ತು ಹದಿನೈದು ಜನ ನಿಂತರೆ ರೋಗಿಯ ಮುಖ ಕಾಣುವುದು ಎತ್ತರದವರಿಗೆ ಮಾತ್ರ. ಯಾವ ವಿದ್ಯಾರ್ಥಿಗೆ ಯಾವ ರೋಗ ನೋಡಲು ದೊರೆಯುವುದೆಂಬುದಂತೂ ಅದೃಷ್ಟದ ಮಾತು. ಹೃದಯದ ಅಪರೂಪದ ಸದ್ದೊಂದನ್ನು ಒಮ್ಮೆಯೂ ಕೇಳದೆ, ಅದರ ವರ್ಣನೆಯನ್ನಷ್ಟೇ ಬಾಯಿಪಾಠ ಮಾಡಿ ಪರೀಕ್ಷೆ ದಾಟಿದವರೂ ಉಂಟು. ಪುಸ್ತಕದ ಬದನೆಕಾಯಿ ಕಾಲೇಜಿನ ಅಂಗಳದಲ್ಲಿಯೂ ಬೆಳೆಯಬಲ್ಲುದು!

ತೆರೆಯ ಗುಣದೋಷ

ಇಂತಹ ಕೊರತೆಗಳಿಗೆ ಗಾಜಿನ ತೆರೆ ಮದ್ದಾಗಿ ಬಂದಿತೆಂಬುದನ್ನು ಒಪ್ಪಲೇಬೇಕು. ಪಾಠವನ್ನು ನಿಲ್ಲಿಸಬಹುದು, ಹಿಂದಿರುಗಿಸಬಹುದು, ಹತ್ತು ಬಾರಿ ಕೇಳಬಹುದು. ಮೂತ್ರಪಿಂಡದೊಳಗೆ ರಕ್ತ ಹೇಗೆ ಸೋಸಿಹೋಗುವುದೆಂಬುದನ್ನು ಕಪ್ಪುಹಲಗೆಯ ಮೇಲಿನ ನಿಶ್ಚಲ ಚಿತ್ರಕ್ಕಿಂತ ಚಲಿಸುವ ಚಿತ್ರ ಬೇಗ ತಿಳಿಸುತ್ತದೆ. ಪ್ರಶ್ನೆ ಕೇಳಲು ಅಂಜುವ ಸಂಕೋಚದ ವಿದ್ಯಾರ್ಥಿನಿಯೂ ಅಲ್ಲಿ ಧೈರ್ಯವಾಗಿ ಬರೆದು ಕೇಳುತ್ತಾಳೆ.

ಪಂಡಿತರು ಇದನ್ನು ತೂಗಿಯೂ ನೋಡಿದ್ದಾರೆ. ಅಮೆರಿಕದ ಸಂಶೋಧಕರು ೨೦೦೮ರಲ್ಲಿ ಆರೋಗ್ಯ ವಿದ್ಯೆಗೆ ಸಂಬಂಧಪಟ್ಟ ೨೦೧ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗ, ಏನೂ ಕಲಿಸದಿರುವುದಕ್ಕಿಂತ ಅಂತರ್ಜಾಲದ ಪಾಠ ಬಹಳ ಮೇಲೆಂದೂ, ಇತರ ಪದ್ಧತಿಗಳೊಡನೆ ಹೋಲಿಸಿದರೆ ಒಟ್ಟಿನಲ್ಲಿ ವ್ಯತ್ಯಾಸ ಅಲ್ಪವೆಂದೂ ಕಂಡುಬಂದಿತು. ೨೦೧೬ರಲ್ಲಿ ಪ್ರಕಟವಾದ ಮತ್ತೊಂದು ಪರಿಶೀಲನೆ ೫೬ ಅಧ್ಯಯನಗಳನ್ನು ಆಧರಿಸಿ, ಎರಡನ್ನೂ ಬೆರೆಸಿದ ಮಿಶ್ರ ಪದ್ಧತಿಯಿಂದ ಜ್ಞಾನಗಳಿಕೆ ಹೆಚ್ಚೆಂದು ತೋರಿಸಿತು.

ಆದರೆ ಇವು ಮುಖ್ಯವಾಗಿ ತಿಳಿವಳಿಕೆಯ ತೂಕ. ಕೈಯ ವಿದ್ಯೆ ಬೇರೆ. ಹೊಟ್ಟೆಯನ್ನು ಎಷ್ಟು ಒತ್ತಿದರೆ ಯಕೃತ್ತಿನ ಅಂಚು ಬೆರಳಿಗೆ ತಾಗುವುದು, ಹೆರಿಗೆಯ ನೋವಿನಲ್ಲಿರುವ ತಾಯಿಗೆ ಯಾವ ದನಿಯಲ್ಲಿ ಧೈರ್ಯ ಹೇಳಬೇಕು, ಇವುಗಳನ್ನು ತೆರೆ ತೋರಿಸಬಲ್ಲುದಲ್ಲದೆ ಅನುಭವಕ್ಕೆ ತರಲಾರದು. ಕನ್ನಡಿಯೊಳಗಿನ ಗಂಟು ಕಣ್ಣಿಗೆ ಕಂಡರೂ ಕೈಗೆ ಬಾರದು.

ಭಾಷೆಯ ಮಾತಂತೂ ಇನ್ನೂ ಸೂಕ್ಷ್ಮ. ರೋಗಿ ಪುಸ್ತಕದ ಇಂಗ್ಲಿಷಿನಲ್ಲಿ ನರಳುವುದಿಲ್ಲ. ‘ಎದೆ ಹಿಡಿದ ಹಾಗಾಗುತ್ತದೆ’, ‘ಹೊಟ್ಟೆ ತೊಳಸುತ್ತದೆ’, ‘ಕಾಲು ಜೋಮು ಹಿಡಿಯುತ್ತದೆ’, ‘ಬೆನ್ನಿನಲ್ಲಿ ಚಳುಕು’ ಎನ್ನುತ್ತಾನೆ. ಈ ಒಂದೊಂದು ಮಾತಿನ ಹಿಂದೆಯೂ ಬೇರೆ ಬೇರೆ ರೋಗ ಅಡಗಿರಬಹುದು. ಅದನ್ನು ಬಿಡಿಸಿ ಕೇಳುವ ತಾಳ್ಮೆ ಮಂಚದ ಪಕ್ಕದಲ್ಲಿ ನಿಂತವರಿಗೆ ಬರುವಂತಹುದು.

ನ್ಯಾಯಾಲಯದ ಮೆಟ್ಟಿಲೇರಿದ ಪ್ರಶ್ನೆ

ಇದು ಬರಿಯ ಪಂಡಿತರ ಚರ್ಚೆಯಾಗಿ ಉಳಿಯಲಿಲ್ಲ. ಸಾವಿರಾರು ಕುಟುಂಬಗಳ ಕಣ್ಣೀರಿನ ಕಥೆಯಾಯಿತು. ಚೀನದಲ್ಲಿ ವೈದ್ಯಕೀಯ ಓದುತ್ತಿದ್ದ ಭಾರತದ ವಿದ್ಯಾರ್ಥಿಗಳು ೨೦೨೦ರ ಆರಂಭದಲ್ಲಿ ಮನೆಗೆ ಮರಳಿ, ಉಳಿದ ಪಾಠಗಳನ್ನು ಆನ್‌ಲೈನಿನಲ್ಲಿಯೇ ಮುಗಿಸಬೇಕಾಯಿತು. ರೋಗಿಯ ಬಳಿ ಕಲಿಯಬೇಕಾದ ಪ್ರಾಯೋಗಿಕ ಭಾಗವೂ ಅದರಲ್ಲಿ ಸೇರಿತ್ತು. ಪದವಿಯೇನೋ ಬಂದಿತು, ಅದರ ಬಲದಿಂದ ಭಾರತದಲ್ಲಿ ವೈದ್ಯರಾಗಿ ನೋಂದಣಿ ಪಡೆಯಬಹುದೆ ಎಂಬ ವಿವಾದ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು.

೨೦೨೨ರ ಏಪ್ರಿಲಿನಲ್ಲಿ ನ್ಯಾಯಾಲಯ ನೀಡಿದ ತೀರ್ಪಿನ ಸಾರ ಇಷ್ಟು: ಪ್ರಾಯೋಗಿಕ ತರಬೇತಿಯಿಲ್ಲದೆ ವೈದ್ಯನಾಗಲು ಸಾಧ್ಯವಿಲ್ಲ; ಅದನ್ನು ಪ್ರತ್ಯಕ್ಷವಾಗಿ ಪಡೆಯದವರಿಗೆ ನೋಂದಣಿ ಕೊಡಬೇಕೆಂದು ಒತ್ತಾಯಿಸಲಾಗದು. ಆದರೆ ಈ ವಿದ್ಯಾರ್ಥಿಗಳ ಶ್ರಮವೂ ವ್ಯರ್ಥವಾಗಬಾರದು. ಆದುದರಿಂದ ರಾಷ್ಟ್ರೀಯ ವೈದ್ಯಕೀಯ ಆಯೋಗ ಅವರಿಗಾಗಿ ಒಂದು ದಾರಿ ಹುಡುಕಬೇಕು. ಅಷ್ಟರಲ್ಲಿ ಉಕ್ರೇನಿನ ಯುದ್ಧದಿಂದ ಪಾರಾಗಿ ಸಾವಿರಾರು ವಿದ್ಯಾರ್ಥಿಗಳು ಮರಳಿದ್ದರು; ಕರ್ನಾಟಕದವರೂ ಅವರಲ್ಲಿ ಬಹು ಮಂದಿ. ಅದೇ ವರ್ಷದ ಜುಲೈನಲ್ಲಿ ಆಯೋಗ ಒಂದು ಸಲಕ್ಕೆ ಮಾತ್ರ ಅನ್ವಯಿಸುವ ರಿಯಾಯಿತಿ ಪ್ರಕಟಿಸಿತು. ಕೋವಿಡ್ ಅಥವಾ ಯುದ್ಧದ ಕಾರಣ ಕೊನೆಯ ವರ್ಷದಲ್ಲಿ ಹಿಂದಿರುಗಿ, ೨೦೨೨ರ ಜೂನ್ ೩೦ರೊಳಗೆ ಶಿಕ್ಷಣ ಪೂರೈಸಿದ ಪ್ರಮಾಣಪತ್ರ ಪಡೆದವರು ಅರ್ಹತಾ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಆದರೆ ತೇರ್ಗಡೆಯಾದ ಬಳಿಕ ಒಂದು ವರ್ಷಕ್ಕೆ ಬದಲಾಗಿ ಎರಡು ವರ್ಷ ಆಸ್ಪತ್ರೆಯಲ್ಲಿ ದುಡಿದು ಕಲಿಯಬೇಕು. ತೆರೆಯ ಮೇಲೆ ದೊರೆಯದ ಪಾಠಕ್ಕೆ ಕಟ್ಟಬೇಕಾದ ಬೆಲೆ, ಮನುಷ್ಯನ ಆಯುಷ್ಯದ ಒಂದು ವರ್ಷ!

ಮೂರು ಮೆಟ್ಟಿಲುಗಳು

ಹಾಗಾದರೆ ಮಿಶ್ರ ಪದ್ಧತಿಯೆಂದರೆ ಏನು? ಅರ್ಧ ತರಗತಿ, ಅರ್ಧ ಮೊಬೈಲು ಎಂದು ಅಕ್ಕಿಬೇಳೆ ಬೆರೆಸಿದಂತೆ ಬೆರೆಸುವುದಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮದಲ್ಲಿಯೇ ಅದರ ಗುಟ್ಟು ಇದೆ. ಒಂದು ಉದಾಹರಣೆಯಿಂದ ಇದು ವಿಶದವಾದೀತು.

ಬಾಲ್ಯದಲ್ಲಿ ಗಂಟಲು ನೋವಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕಿರಿದಾಗುವುದುಂಟು. ಅದರ ಗುರುತು ಒಂದು ಮೆಲ್ಲನೆಯ ಗುಡುಗಿನಂತಹ ಸದ್ದು. ವಿದ್ಯಾರ್ಥಿ ಮೊದಲು ಮನೆಯಲ್ಲಿಯೇ ಕವಾಟದ ರಚನೆಯನ್ನು ತೆರೆಯ ಮೇಲೆ ನೋಡುತ್ತಾನೆ. ಮುದ್ರಿಸಿದ ಸದ್ದನ್ನು ಕಿವಿಗೆ ಹಚ್ಚಿಕೊಂಡು ಮತ್ತೆ ಮತ್ತೆ ಆಲಿಸುತ್ತಾನೆ. ಇದು ಮೊದಲನೆಯ ಮೆಟ್ಟಿಲು. ಎರಡನೆಯದು ಬೊಂಬೆ. ಅಮೆರಿಕದ ಮಯಾಮಿ ವಿಶ್ವವಿದ್ಯಾನಿಲಯದಲ್ಲಿ ೧೯೬೮ರಲ್ಲಿ ರೂಪುಗೊಂಡ ‘ಹಾರ್ವೆ’ ಎಂಬ ಬೊಂಬೆಯ ಎದೆಗೆ ಸ್ಟೆಥಾಸ್ಕೋಪು ಇಟ್ಟರೆ ಬೇರೆ ಬೇರೆ ಹೃದ್ರೋಗಗಳ ಸದ್ದು ಕೇಳಿಸುತ್ತದೆ. ಮೂರನೆಯ ಮೆಟ್ಟಿಲು ವಾರ್ಡು. ಅಲ್ಲಿ ಫ್ಯಾನಿನ ಸದ್ದಿದೆ, ಪಕ್ಕದ ಮಂಚದ ಕೆಮ್ಮಿದೆ, ರೋಗಿಗೆ ಆಯಾಸವಿದೆ. ಆಕೆಯನ್ನು ವಿನಯದಿಂದ ಎಡಮಗ್ಗುಲಿಗೆ ಹೊರಳಿಸಿ, ಹೃದಯದ ತುದಿ ಬಡಿಯುವ ಜಾಗದಲ್ಲಿ ಸ್ಟೆಥಾಸ್ಕೋಪನ್ನು ಹಗುರವಾಗಿ ಇಟ್ಟು, ಆ ಗದ್ದಲದ ನಡುವೆ ಮೆಲ್ಲನೆಯ ಸದ್ದನ್ನು ಹಿಡಿಯಬೇಕು. ಪಕ್ಕದಲ್ಲಿ ಗುರು ನಿಂತು ತಿದ್ದುತ್ತಾರೆ. ಮೊದಲೆರಡು ಮೆಟ್ಟಿಲು ಹತ್ತಿ ಬಂದವನು ರೋಗಿಗೆ ಕೊಡುವ ತೊಂದರೆ ಕಡಿಮೆ. ಪಡೆಯುವ ವಿದ್ಯೆ ಹೆಚ್ಚು. ಉಪನ್ಯಾಸದಿಂದ ಉಳಿದ ಗುರುವಿನ ಸಮಯವೂ ಮಂಚದ ಪಕ್ಕದಲ್ಲಿ ಸಾರ್ಥಕವಾಗುತ್ತದೆ.

ಬೊಂಬೆಯ ಕಥೆಯಲ್ಲಿ ಮತ್ತೊಂದು ಸ್ವಾರಸ್ಯವಿದೆ. ನಿಂತ ಹೃದಯವನ್ನು ಎದೆ ಒತ್ತಿ ಮತ್ತೆ ನಡೆಸುವ ವಿದ್ಯೆಯನ್ನು ಕಲಿಸಲು ೧೯೬೦ರಲ್ಲಿ ‘ಆ್ಯನ್’ ಎಂಬ ಬೊಂಬೆಯನ್ನು ಮಾಡಿದವನು ನಾರ್ವೆ ದೇಶದ ಆಟಿಕೆಗಳ ತಯಾರಕ ಲೇರ್ಡಾಲ್. ನಿಮಿಷಕ್ಕೆ ೧೦೦ರಿಂದ ೧೨೦ ಬಾರಿ, ಐದಾರು ಸೆಂಟಿಮೀಟರಿನಷ್ಟು ಆಳಕ್ಕೆ ಒತ್ತಬೇಕೆಂದು ಓದಿ ತಿಳಿಯಲು ಅರ್ಧ ನಿಮಿಷ ಸಾಕು. ಎರಡು ನಿಮಿಷ ಒತ್ತಿ ನೋಡಿದವರಿಗೇ ಅದರ ಬೆವರು ಗೊತ್ತು. ಭಾರತದಲ್ಲಿ ೨೦೧೯ರಲ್ಲಿ ಜಾರಿಗೆ ಬಂದ ಎಂ.ಬಿ.ಬಿ.ಎಸ್. ಪಠ್ಯಕ್ರಮದಲ್ಲಿ ಇಂತಹ ಕೌಶಲ ಪ್ರಯೋಗಶಾಲೆಗೂ, ಮೊದಲ ವರ್ಷದಿಂದಲೇ ರೋಗಿಗಳ ಪರಿಚಯಕ್ಕೂ ಸ್ಥಾನ ದೊರೆತಿದೆ. ಸುಶ್ರುತನ ಬೊಂಬೆಯೇ ರಬ್ಬರಿನ ಮೈ ತಳೆದು ಬಂದಂತಾಯಿತು.

ಗುರು ದೂರ, ರೋಗಿ ಹತ್ತಿರ

ಆನ್‌ಲೈನ್ ಪದ್ಧತಿ ತಾನೇ ಮುಂದಾಳಾಗಿ ಗೆದ್ದ ಕಡೆಯೂ ಒಂದುಂಟು. ಅಮೆರಿಕದ ನ್ಯೂ ಮೆಕ್ಸಿಕೋ ವಿಶ್ವವಿದ್ಯಾನಿಲಯದಲ್ಲಿದ್ದ, ಭಾರತ ಮೂಲದ ಡಾ. ಸಂಜೀವ ಅರೋರ ಅವರು ಯಕೃತ್ತಿಗೆ ತಗಲುವ ಹೆಪಟೈಟಿಸ್ ‘ಸಿ’ ರೋಗದ ತಜ್ಞರು. ದೂರದ ಊರುಗಳ ರೋಗಿಗಳು ಅವರನ್ನು ಕಾಣಲು ತಿಂಗಳುಗಟ್ಟಲೆ ಕಾಯಬೇಕಾಗಿತ್ತು. ೨೦೦೩ರಲ್ಲಿ ಅವರು ‘ಎಕೋ’ ಎಂಬ ಯೋಜನೆಯನ್ನು ಹೂಡಿದರು. ಹಳ್ಳಿಗಳ ವೈದ್ಯರು ವಾರಕ್ಕೊಮ್ಮೆ ವೀಡಿಯೋ ಮೂಲಕ ಸೇರಿ, ತಮ್ಮ ರೋಗಿಗಳ ವಿವರವನ್ನು ತಜ್ಞರ ಮುಂದಿಟ್ಟು ಚರ್ಚಿಸುತ್ತಿದ್ದರು. ೨೦೧೧ರಲ್ಲಿ ೪೦೭ ರೋಗಿಗಳ ಫಲಿತಾಂಶ ಪ್ರಕಟವಾಯಿತು. ವಿಶ್ವವಿದ್ಯಾನಿಲಯದ ಆಸ್ಪತ್ರೆಯಲ್ಲಿ ಶೇಕಡ ೫೭.೫ ಮಂದಿಗೆ ಗುಣವಾಗಿದ್ದರೆ, ಹೀಗೆ ಕಲಿತ ವೈದ್ಯರ ಕೈಯಲ್ಲಿ ಗುಣವಾದವರು ಶೇಕಡ ೫೮.೨! ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಮಾನಸಿಕ ಆರೋಗ್ಯದ ವಿಷಯದಲ್ಲಿ ದೂರದ ವೈದ್ಯರಿಗೆ ಇದೇ ಮಾದರಿಯ ತರಬೇತಿ ನೀಡುತ್ತ ಬಂದಿದೆ.

ಚೀನದಿಂದ ಮರಳಿದ ವಿದ್ಯಾರ್ಥಿಗೆ ಸೋಲಾದ ಪದ್ಧತಿ ಇಲ್ಲಿ ಗೆದ್ದುದು ಹೇಗೆ? ಇಬ್ಬರ ಮುಂದೆಯೂ ಇದ್ದುದು ಅದೇ ಗಾಜಿನ ತೆರೆ. ಆದರೆ ಹಳ್ಳಿಯ ವೈದ್ಯ ಮೊದಲೇ ಪಳಗಿದವನು. ಅವನ ರೋಗಿ ಅವನ ಕೈಯಳತೆಯಲ್ಲಿಯೇ ಇದ್ದ. ವಿದ್ಯಾರ್ಥಿಗೆ ಗುರುವೂ ದೂರ, ರೋಗಿಯೂ ದೂರ. ಮೂರು ಪದ್ಧತಿಗಳ ವಾದವಿವಾದದಿಂದ ಹೊರಡುವ ತಾತ್ಪರ್ಯ ಇದು: ಗುರು ದೂರವಿದ್ದರೂ ವೈದ್ಯವಿದ್ಯೆ ನಡೆದೀತು, ರೋಗಿ ದೂರವಿದ್ದರೆ ನಡೆಯದು.

ರೋಗಿಯೂ ಗುರು

ಈ ಮಾತು ಸತ್ಯವಾದರೆ ವೈದ್ಯಶಿಕ್ಷಣದ ಹೊಣೆ ಕಾಲೇಜುಗಳದು ಮಾತ್ರವಲ್ಲ. ಪ್ರತಿ ಮನೆಯದೂ ಹೌದು. ಶವಚ್ಛೇದನದ ಮೇಜಿನ ಮೇಲೆ ಮಲಗುವ ದೇಹ ಯಾರದೋ ಮನೆಯ ದಾನ. ಹೊಸ ಪಠ್ಯಕ್ರಮದ ವಿದ್ಯಾರ್ಥಿಗಳು ಆ ದೇಹವನ್ನು ಗೌರವದಿಂದ ಕಾಣುವೆವೆಂದು ಮೊದಲೇ ಪ್ರತಿಜ್ಞೆ ಸ್ವೀಕರಿಸುತ್ತಾರೆ. ಮಾತಾಡದ ಆ ಗುರುವೇ ಅವರ ಮೊದಲ ಗುರು. ೨೦೨೧-೨೨ನೆಯ ಸಾಲಿನಿಂದ ಒಬ್ಬೊಬ್ಬ ವಿದ್ಯಾರ್ಥಿಯೂ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ಅವರ ಆರೋಗ್ಯವನ್ನು ನೋಡಿಕೊಳ್ಳುತ್ತ ಕಲಿಯುವ ಏರ್ಪಾಡೂ ಬಂದಿದೆ. ಆ ಮನೆಗಳ ಜಗಲಿಯೂ ಈಗ ಪಾಠಶಾಲೆಯೇ.

ನಗರದ ಕುಟುಂಬಗಳಿಗೂ ಒಂದು ದಿನ ಈ ಸಂದರ್ಭ ಒದಗಬಹುದು. ಆಸ್ಪತ್ರೆಯಲ್ಲಿ ಹಿರಿಯ ವೈದ್ಯರು, ‘ಅಮ್ಮಾ, ನಿಮ್ಮ ಒಪ್ಪಿಗೆಯಿದ್ದರೆ ಈ ಹುಡುಗರೂ ಒಮ್ಮೆ ನಾಡಿ ನೋಡಲಿ’ ಎನ್ನುತ್ತಾರೆ. ಹಿಂದೆ ನಿಂತ ಹುಡುಗಿಯ ಕೈ ಸ್ವಲ್ಪ ನಡುಗುತ್ತಿರುತ್ತದೆ. ಬೇಡವೆನ್ನುವ ಹಕ್ಕು ರೋಗಿಗೆ ಸಂಪೂರ್ಣವಾಗಿ ಉಂಟು. ಅದನ್ನು ಯಾರೂ ಪ್ರಶ್ನಿಸಲಾಗದು. ಆದರೆ ಮೈಯಲ್ಲಿ ಶಕ್ತಿಯಿದ್ದು, ಮನಸ್ಸು ಒಪ್ಪಿದರೆ ಆ ಕೈಗೆ ಕೈ ನೀಡುವುದು ಬಹು ದೊಡ್ಡ ವಿದ್ಯಾದಾನ. ಇನ್ನು ಹತ್ತು ವರ್ಷಗಳ ಮೇಲೆ, ಯಾವುದೋ ಊರಿನಲ್ಲಿ, ಯಾವುದೋ ಅಪರಾತ್ರಿಯಲ್ಲಿ, ನಡುಗದ ಅದೇ ಕೈ ಮತ್ತೊಬ್ಬರ ನಾಡಿಯನ್ನು ಹಿಡಿದು ರೋಗವನ್ನು ಸಕಾಲದಲ್ಲಿ ಗುರುತಿಸಬಲ್ಲುದು.